ಉಪ್ಪಿನ ನಡುವಿನ ಗುಡ್ಡದ ಎರಡನೇ ತಲೆ

ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಮನೆಯಿಂದ ಬೆಳಿಗ್ಗೆ ಐದೂವರೆಗೆ ಹೊರಟಾಗ ಐತಾಳರ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಅವರ ಬಟ್ಟೆ, ಹೊಸ ಕ್ಯಾನ್ವಾಸ್ ಶೂ. ಇನ್ನೊಂದರಲ್ಲಿ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ, ಚಟ್ನಿಪುಡಿ, ಅವಲಕ್ಕಿ, ನಿಂಬೆಹಣ್ಣು. ಸೂರತ್ತಿನ ಅಡಾಜಣ್‌ನಲ್ಲಿ ಮೂವತ್ತು ವರ್ಷದಿಂದ ಹೋಟೆಲು ನಡೆಸುತ್ತಿರುವ ಮನುಷ್ಯ. ಮರುಭೂಮಿಗೆ ಹೋಗುವಾಗಲೂ ಊಟದ ಚಿಂತೆಯನ್ನು ಬೇರೆಯವರಿಗೆ ಬಿಡಲಾರರು. ಅಲ್ಲಿ ರೊಟ್ಟಿ, ಮಜ್ಜಿಗೆ ಎಲ್ಲ ಸಿಗುತ್ತದೆಂದು ನಾನು ಹೇಳಿದ್ದೆ. "ಸಿಗ್ಲಿ ಮಾರಾಯ್ರೆ, ಇದೂ ಇರ್ಲಿ" ಎಂದಿದ್ದರು. ಅಹಮದಾಬಾದಿನಿಂದ ರಾಪರ್‌ವರೆಗೆ ಎಂಟು ತಾಸಿನ ಬಸ್ಸಿನಲ್ಲಿ ಅವರು ಆಡಿದ ಮಾತು ಬಹುಶಃ ಇಪ್ಪತ್ತನ್ನು ದಾಟಲಿಲ್ಲ.

ನಾವಿಬ್ಬರೂ ಜೊತೆಯಾಗಿ ಹೊರಡಲು ಕಾರಣವಾದದ್ದು ಒಂದು ಸ್ಟೀಲ್ ಮುಚ್ಚಳ.

ನಾನು ಧಾರವಾಡದವಳು. ಗಂಡನ ಕೆಲಸ ಚಾಂದ್‌ಖೇಡಾದ ತೈಲ ಕಚೇರಿಯಲ್ಲಿ. ನಾನು ಅಲ್ಲಿಯೇ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಕಚ್ಛದ ಭೂಕಂಪವಾದ ಮರುವರ್ಷ, ಬಿದ್ದುಹೋದ ಶಾಲೆಗಳ ಶಿಕ್ಷಕರಿಗೆ ನೆರವಾಗಲೆಂದು ನಮ್ಮಲ್ಲಿ ಕೆಲವರನ್ನು ಹದಿನೈದು ದಿನ ಖಡೀರ್‌ಗೆ ಕಳಿಸಿದ್ದರು. ರಣ ಎಂದು ಕರೆಯುವ ಉಪ್ಪಿನ ಬಯಲಿನ ನಡುವೆ ನಡುಗಡ್ಡೆಯಂತೆ ಎದ್ದಿರುವ ನೆಲ ಅದು. ಒಂದು ಮಧ್ಯಾಹ್ನ ಹಮೀರ್‌ಭಾಯಿ ಎಂಬ ಒಂಟೆ ಮೇಯಿಸುವ ಹಿರಿಯರು ಶಾಲೆಯ ಟೆಂಟಿಗೆ ಬಂದು, ಪೇಟದ ಸುರುಳಿಯಿಂದ ಊಟದ ಡಬ್ಬಿಯ ಮುಚ್ಚಳವೊಂದನ್ನು ತೆಗೆದರು. ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ. ಊರಿನ ಮಾಸ್ತರರು ಯಾರೂ ಓದಲಾರದೆ, ಅದು ತಾಯಿತದ ಬರಹವಿರಬೇಕೆಂದು ಹೇಳಿ ಕಳಿಸಿದ್ದರಂತೆ. ನಾನು ಓದಿದೆ: "ಶ್ರೀಧರ–ಲಲಿತಾ, ಕೋಟ." ಮದುವೆಗೆ ಬಂದ ಉಡುಗೊರೆ. ಆ ಬಿಸಿಲಲ್ಲಿ, ಆ ಧೂಳಲ್ಲಿ ಕನ್ನಡ ಕಂಡು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮುಚ್ಚಳ ಸಿಕ್ಕಿದ್ದು ಉತ್ತರಕ್ಕೆ ಉಪ್ಪಿನ ಬಯಲಲ್ಲಿ ಒಂಟಿಯಾಗಿ ನಿಂತ ಗುಡ್ಡದ ಬುಡದಲ್ಲಿ. ಅಲ್ಲಿ ಯಾರೂ ಇರುವುದಿಲ್ಲ, ಯಾರೂ ಹತ್ತುವುದಿಲ್ಲ ಎಂದು ಹಮೀರ್‌ಭಾಯಿ ಹೇಳಿದರು.

ಅಹಮದಾಬಾದಿನ ಕನ್ನಡ ಸಂಘದ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದೆ. ಐದು ತಿಂಗಳ ಮೇಲೆ ಐತಾಳರು ಸೂರತ್ತಿನಿಂದ ಬಂದು ನಮ್ಮ ಹಜಾರದಲ್ಲಿ ಕೂತು, ನಾನು ತಂದಿಟ್ಟಿದ್ದ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮಗಳು ತಂದ ಚಹಾ ತಣ್ಣಗಾಗುವವರೆಗೆ ಬೆರಳಿನಿಂದ ಅಕ್ಷರಗಳನ್ನು ಸವರುತ್ತಿದ್ದರು. ಲಲಿತಾ ಅವರ ತಂಗಿ. ಶ್ರೀಧರ ಅವಳ ಗಂಡ. ಭೂಮಿಯಡಿ ಎಣ್ಣೆ ಹುಡುಕುವ ಒಂದು ಗುತ್ತಿಗೆ ತಂಡದಲ್ಲಿ ಸರ್ವೇಯರ್ ಆಗಿದ್ದ. ಭೂಕಂಪಕ್ಕೆ ಮೂರು ವರ್ಷ ಮೊದಲು ಅಳತೆಯ ಗುರುತೊಂದನ್ನು ಪರೀಕ್ಷಿಸಲು ಆ ಗುಡ್ಡ ಹತ್ತಿದವನು ಇಳಿದು ಬರಲಿಲ್ಲ. ಅವನನ್ನು ಕರೆದೊಯ್ದಿದ್ದ ಬೇರೊಬ್ಬ ಒಂಟೆಯವನು ಕೆಳಗೆ ಕಾದ. ಪೊಲೀಸರು, ಗಡಿ ಪಡೆಯವರು ಆರು ದಿನ ಹುಡುಕಿದರು. ಗುಡ್ಡದ ತಲೆಯವರೆಗೂ ಹೋಗಿ, ಏನೂ ಇಲ್ಲವೆಂದು ಬಂದರು.

"ಅಲ್ಲಿಗೆ ಹೋಗ್ಬೇಕು ಟೀಚರ್. ಲಲಿತಂಗೆ ಎಂತಾದ್ರೂ ಒಂದು ಹೇಳ್ಬೇಕಲ್ವಾ ನಾನು" ಎಂದರು ಐತಾಳರು. "ನಂಗೆ ದಾರಿ ಗೊತ್ತಿಲ್ಲ. ಗುಜರಾತಿ ಆದ್ರೆ ಸುಧಾರಿಸ್ತೇನೆ, ಆ ಜನರ ಕಚ್ಛಿ ಬರುದಿಲ್ಲ."

ಹೀಗೆ ನಾನು ಹೊರಟೆ. ಅದು ಜನವರಿ. ಭೂಕಂಪವಾಗಿ ಸರಿಯಾಗಿ ಎರಡು ವರ್ಷವಾಗಿತ್ತು.

ರಾಪರ್ ತಲುಪಿದಾಗ ಎರಡು ಗಂಟೆ. ಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿಗಳು ಇನ್ನೂ ತಗಡಿನ ಮಾಡಿನ ಕೆಳಗೇ ಇದ್ದವು. ಗಡಿ ಹತ್ತಿರವೆಂದು ಠಾಣೆಯಲ್ಲಿ ಕಾಗದ ಬರೆಸಿಕೊಂಡು, ಖಡೀರ್‌ಗೆ ಹೋಗುವ ಮೂರೂವರೆಯ ಬಸ್ಸು ಹಿಡಿದೆವು. ಬಾಲಾಸರ್ ದಾಟಿದ ಮೇಲೆ ನೆಲ ಮುಗಿಯಿತು. ರಸ್ತೆಯ ಎರಡೂ ಬದಿ ಬಿಳಿ. ಮಣ್ಣಿಲ್ಲ, ಮರವಿಲ್ಲ, ನೀರೂ ಅಲ್ಲ. ಸಂಜೆಯ ಬಿಸಿಲಿಗೆ ಆ ಬಿಳುಪಿನ ಮೇಲೆ ಇಲ್ಲದ ಕೆರೆಗಳು ಎದ್ದವು, ಅವುಗಳ ದಡದಲ್ಲಿ ಇಲ್ಲದ ಮರಗಳು ತಲೆಕೆಳಗಾಗಿ ನಿಂತವು. ತರಗತಿಯಲ್ಲಿ ಮರೀಚಿಕೆಯ ಚಿತ್ರವನ್ನು ಎಷ್ಟೋ ಸಲ ಬರೆದಿದ್ದೇನೆ. ಬಿಸಿ ಗಾಳಿ, ತಣ್ಣನೆ ಗಾಳಿ, ಬಾಗುವ ಬೆಳಕು. ಐತಾಳರಿಗೂ ಅದನ್ನೇ ವಿವರಿಸಿದೆ. ಅವರು ಕಿಟಕಿಯಿಂದ ಕಣ್ಣು ತೆಗೆಯದೆ, "ಆ ಮರದ ಕೆಳಗೆ ಯಾರೋ ಕೂತ ಹಾಗೆ ಕಾಣ್ತದೆ" ಎಂದರು. ನನಗೂ ಹಾಗೆಯೇ ಕಂಡಿತು.

ಆ ರಾತ್ರಿ ಹೊಸದಾಗಿ ಕಟ್ಟಿದ ಶಾಲೆಯ ಕೋಣೆಯಲ್ಲಿ ಮಲಗಿದೆವು. ಮಲಗುವ ಮುಂಚೆ ಹಮೀರ್‌ಭಾಯಿ ಬಂದು ಮರುದಿನದ ಮಾತು ಮುಗಿಸಿದರು. ಬುಡದವರೆಗೆ ಒಂಟೆಗಾಡಿ, ಆಮೇಲೆ ನಡಿಗೆ. ಇಬ್ಬರಿಗೂ ತಲಾ ನಾಲ್ಕು ಲೀಟರ್ ನೀರು. ಭೂಕಂಪದಲ್ಲಿ ಗುಡ್ಡದ ಪಶ್ಚಿಮದ ಪಕ್ಕ ಸೀಳಿ, ಮೇಲಕ್ಕೊಂದು ಬಿರುಕು ತೆರೆದಿದೆಯಂತೆ. ಮುಚ್ಚಳ ಸಿಕ್ಕಿದ್ದು ಆ ಬಿರುಕಿನ ಬಾಯಲ್ಲಿ.

"ಬೇನ್, ಗುಡ್ಡಕ್ಕೆ ಎರಡು ತಲೆ" ಎಂದರು ನಾನು ಆ ಹದಿನೈದು ದಿನದಲ್ಲಿ ತಕ್ಕಮಟ್ಟಿಗೆ ಕಲಿತಿದ್ದ ಕಚ್ಛಿಯಲ್ಲಿ. "ದಕ್ಷಿಣದಿಂದ ಹತ್ತಿದವರಿಗೆ ಒಂದೇ ಕಾಣುತ್ತದೆ. ಪೊಲೀಸರು ಹತ್ತಿದ್ದು ಅದನ್ನೇ. ಎರಡನೆಯದು ಹಿಂದೆ ಇದೆ. ನಡುವೆ ಕಂದಕ."

"ಅದನ್ನು ಪೊಲೀಸರಿಗೆ ಹೇಳಲಿಲ್ಲವೇ?"

"ಆಗ ನಾನು ಸಿಂಧ್ ಗಡಿಯ ಕಡೆಯ ಹುಲ್ಲುಗಾವಲಿನಲ್ಲಿ ಒಂಟೆಗಳೊಂದಿಗೆ ಇದ್ದೆ. ಊರಿನವರು ಹೇಳಿರಲಾರರು. ಅದರ ವಿಷಯ ಮಾತಾಡುವುದಿಲ್ಲ." ಪೇಟ ಸರಿಪಡಿಸಿಕೊಳ್ಳುತ್ತ, "ಇನ್ನೊಂದು ಮಾತು. ಅಲ್ಲಿ ಯಾರಾದರೂ ಕರೆದರೆ, ಮುಖ ಕಾಣುವವರೆಗೆ ಓಗೊಡಬೇಡಿ" ಎಂದರು. ಗುಡ್ಡದ ಹೆಸರನ್ನು ಬರೆದುಕೊಳ್ಳಲು ಪುಸ್ತಕ ತೆಗೆದಾಗ ಬೇಡವೆಂದು ಕೈಯಾಡಿಸಿದರು. ಅವರಿಗೆ ಕೊಟ್ಟ ಮಾತಿನಂತೆ ಇಲ್ಲಿಯೂ ಬರೆದಿಲ್ಲ.

ಮರುದಿನ ನಸುಕಿನಲ್ಲಿ ಹೊರಟೆವು. ಚಳಿ ಎಲುಬಿಗೆ ಇಳಿಯುತ್ತಿತ್ತು. ಉಪ್ಪಿನ ಪದರದ ಮೇಲೆ ಗಾಡಿಯ ಗಾಲಿ ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು. ಸೂರ್ಯ ಹುಟ್ಟಿದಾಗ ಗುಡ್ಡ ಕಂಡಿತು. ಎತ್ತರ ಸಾವಿರ ಅಡಿಯೂ ಇರಲಿಕ್ಕಿಲ್ಲ. ಆದರೆ ಸುತ್ತ ಹೋಲಿಸಲು ಏನೂ ಇಲ್ಲದ ಕಡೆ ಎತ್ತರಕ್ಕೆ ಅರ್ಥವಿರುವುದಿಲ್ಲ. ಗಾಡಿ ಎರಡು ತಾಸು ಸಾಗಿದರೂ ಅದು ಅಷ್ಟೇ ದೂರದಲ್ಲಿತ್ತು. ಆಮೇಲೆ ಒಮ್ಮೆಲೇ ತಲೆಯ ಮೇಲಿತ್ತು.

ಬುಡದಲ್ಲಿ ಒಂಟೆಯನ್ನು ಕೂರಿಸಿ, ಮುಂಗಾಲು ಕಟ್ಟಿ, ಹಮೀರ್‌ಭಾಯಿ ಮುಂದೆ ನಡೆದರು. ದಾರಿಯೆಂಬುದಿಲ್ಲ. ಮೊದಲು ಸಡಿಲ ಜಲ್ಲಿಯ ಇಳಿಜಾರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿತ್ತು. ಅಲ್ಲಲ್ಲಿ ಮುಳ್ಳಿನ ಪೊದೆ, ಹಿಡಿದರೆ ಬೇರುಸಹಿತ ಕೈಗೆ ಬರುತ್ತಿತ್ತು. ಅದಾದ ಮೇಲೆ ಬಿರುಕು. ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟು ಅಗಲ, ಎರಡೂ ಪಕ್ಕ ಕಬ್ಬಿಣದ ಬಣ್ಣದ ಕಲ್ಲು. ಐದಾರು ಕಡೆ ಬೆನ್ನನ್ನು ಒಂದು ಗೋಡೆಗೆ, ಕಾಲನ್ನು ಇನ್ನೊಂದಕ್ಕೆ ಒತ್ತಿ ಮೇಲೇರಬೇಕಾಯಿತು. ಐವತ್ತಾರು ವರ್ಷದ ಐತಾಳರು ಇದನ್ನು ಹೇಗೆ ಹತ್ತಿದರೋ ನನಗೆ ಈಗಲೂ ಆಶ್ಚರ್ಯ. ಉಸಿರು ಹತ್ತಿದಾಗ ನಿಲ್ಲುತ್ತಿದ್ದರು. ಸಾಕೆಂದು ಒಮ್ಮೆಯೂ ಹೇಳಲಿಲ್ಲ.

ಬಿರುಕಿನೊಳಗೆ ಗಾಳಿಯ ಸದ್ದೂ ಇರಲಿಲ್ಲ. ನಮ್ಮ ಉಸಿರು, ಉರುಳುವ ಕಲ್ಲು, ಅಷ್ಟೇ. ಅರ್ಧ ದಾರಿಯಲ್ಲಿ, ನನ್ನ ಕೆಳಗೆ ಹತ್ತುತ್ತಿದ್ದ ಐತಾಳರು ಇದ್ದಕ್ಕಿದ್ದಂತೆ, "ಬಂದೆ, ಬಂದೆ" ಎಂದರು.

"ಯಾರಿಗೆ ಹೇಳಿದ್ರಿ?" ಎಂದೆ.

"ನೀವು ಕರೆದಿರಲ್ಲ. ಬೇಗ ಬನ್ನಿ ಅಂತ."

"ನಾ ಕರೀಲಿಲ್ರಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮೇಲಿದ್ದ ಹಮೀರ್‌ಭಾಯಿ ನಿಂತರು, ತಿರುಗಿ ನೋಡಲಿಲ್ಲ. ಅವರಿಗೆ ಕನ್ನಡ ಬಾರದು. ಆದರೂ ಏನಾಯಿತೆಂದು ತಿಳಿದಂತಿತ್ತು. ಉಪ್ಪಿನ ಬಯಲಲ್ಲಿ ತಣ್ಣನೆಯ ಗಾಳಿ ದೂರದ ದನಿಗಳನ್ನು ಹೊತ್ತು ತರುತ್ತದೆ, ಇಂಥ ಕೊರಕಲಲ್ಲಿ ಅವು ಹತ್ತಿರದವೆನ್ನಿಸುತ್ತವೆ ಎಂದು ನಾನು ಶುರುಮಾಡಿದೆ. ಐತಾಳರು ಮೆಲ್ಲಗೆ, "ಕನ್ನಡದಲ್ಲಿ ಕರೆದದ್ದು ಟೀಚರ್" ಎಂದರು. ನಾನು ಮೇಲಿನ ಕಲ್ಲಿಗೆ ಕೈಚಾಚಿದೆ.

ಎರಡನೇ ತಲೆಯ ಮೇಲೆ ಕಾಲಿಟ್ಟಾಗ ಹತ್ತೂಮುಕ್ಕಾಲು. ನಮ್ಮ ಮನೆಯ ತಾರಸಿಯಷ್ಟು ಅಗಲದ ಸಪಾಟು ಕಲ್ಲು. ದಕ್ಷಿಣಕ್ಕೆ, ಕಂದಕದಾಚೆ, ಪೊಲೀಸರು ಹತ್ತಿದ್ದ ಮೊದಲನೇ ತಲೆ. ಅದು ನಮಗಿಂತ ತುಸು ಎತ್ತರವಿದ್ದು, ಈ ಬದಿಗೆ ಚಾಚಿಕೊಂಡಿದ್ದರಿಂದ ಅಲ್ಲಿಂದ ಇದು ಕಾಣುವಂತಿರಲಿಲ್ಲ. ಪೂರ್ವಕ್ಕೆ ಕುಸಿದ ಏಣೊಂದರ ಹಸಿ ಗಾಯ. ಶ್ರೀಧರ ಹತ್ತಿದ್ದು ಆ ಏಣಿನ ಮೇಲಿಂದಲೇ ಇರಬೇಕು.

ಎಲ್ಲವೂ ಅಲ್ಲಿಯೇ ಇತ್ತು. ಗಾಳಿಗೆ ಮರೆಯಾಗಿ ಮೊಣಕಾಲೆತ್ತರದ ಕಲ್ಲಿನ ಗೋಡೆ. ಅದರ ಮಗ್ಗುಲಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಧೂಳು ಹಿಡಿದ ಕೋನಮಾಪಕ ಯಂತ್ರ, ದುರ್ಬೀನಿನ ಕಣ್ಣು ಉತ್ತರಕ್ಕೆ. ಒಂದರೊಳಗೊಂದು ಕೂತ ಊಟದ ಡಬ್ಬಿಗಳು; ಭೂಕಂಪದ ಅಲುಗಾಟಕ್ಕೆ ಕೆಳಗುರುಳಿದ್ದು ಅವುಗಳ ಮುಚ್ಚಳವೊಂದೇ ಇರಬೇಕು. ಬಿರಡೆ ಬಿಗಿದ ಸ್ಟೀಲಿನ ನೀರಿನ ಬಾಟಲಿ. ಮತ್ತು ಒಂದು ಜೊತೆ ಶೂ. ಒಂದರ ಪಕ್ಕ ಒಂದು, ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ. ಒಳಗೆ ಮಡಚಿಟ್ಟ ಕಾಲುಚೀಲ.

ಐತಾಳರು ಶೂಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮುಟ್ಟಲಿಲ್ಲ. ನಾನು ಬಾಟಲಿ ಎತ್ತಿದೆ. ಅದು ಭಾರವಿತ್ತು. ಅಲುಗಿಸಿದೆ. ಒಳಗೆ ನೀರು ಕುಲುಕಿತು. ಐದು ವರ್ಷದ ನೀರು, ಮುಕ್ಕಾಲು ಬಾಟಲಿ.

ಕಲ್ಲಿನ ಗೋಡೆಯ ಸಂದಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಅಳತೆಯ ಪುಸ್ತಕ ಸಿಕ್ಕಿತು. ಅಂಕಿಗಳೆಲ್ಲ ಇಂಗ್ಲಿಷಿನಲ್ಲಿ, ಪಕ್ಕದ ಅಂಚಿನಲ್ಲಿ ಸಣ್ಣ ಕನ್ನಡ ಅಕ್ಷರ. ಮೇಲಧಿಕಾರಿಗಳು ಓದಬಾರದ ಮಾತುಗಳನ್ನು ಅವನು ಕನ್ನಡದಲ್ಲಿ ಬರೆಯುತ್ತಿದ್ದನೆಂದು ತೋರುತ್ತದೆ. ಒಂದು ಕಡೆ "ಇವತ್ತೂ ಆಲೂಗಡ್ಡೆ" ಎಂದಿತ್ತು. ಕೊನೆಯ ಪುಟವನ್ನು ನಾನು ಐತಾಳರಿಗೆ ಜೋರಾಗಿ ಓದಿದೆ.

"ಗುರುತು ಸಿಕ್ಕಿತು, ಸರಿ ಇದೆ. ಊಟ ಆಯಿತು. ಉತ್ತರಕ್ಕೆ ಜನ. ಸಾಲಾಗಿ ನಡೆಯುತ್ತಿದ್ದಾರೆ, ಮೂವತ್ತೋ ನಲವತ್ತೋ. ತಲೆ ಮೇಲೆ ಕೊಡ. ಈ ಕಡೆ ಊರೇ ಇಲ್ಲವಲ್ಲ." ಅದರ ಕೆಳಗೆ ಕೋನದ ಅಂಕಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಂಕಿ. ಮತ್ತೆ ಹತ್ತು ನಿಮಿಷಕ್ಕೆ ಇನ್ನೊಂದು. ಮೂರೂ ಒಂದೇ. ಪಕ್ಕದಲ್ಲಿ, "ನಡೆಯುತ್ತಲೇ ಇದ್ದಾರೆ, ಆದರೆ ಜಾಗ ಬದಲಾಗಿಲ್ಲ. ಯಂತ್ರ ಸರಿ ಇದೆ, ಎರಡು ಸಲ ನೋಡಿದೆ." ಆಮೇಲೆ ಸ್ವಲ್ಪ ಜಾಗ ಬಿಟ್ಟು, ಅವಸರವಿಲ್ಲದ ದುಂಡು ಅಕ್ಷರದಲ್ಲಿ: "ಕರೆಯುತ್ತಿದ್ದಾರೆ. ಹತ್ತಿರವೇ ಇದ್ದಾರೆ. ನೋಡಿ ಬರುತ್ತೇನೆ."

ಅಷ್ಟೇ. ಮುಂದಿನ ಪುಟಗಳು ಖಾಲಿ.

ನಾನು ತಲೆಯೆತ್ತಿ ಉತ್ತರಕ್ಕೆ ನೋಡಿದೆ. ನೋಡಬಾರದಿತ್ತು ಎಂದು ಈಗ ಅನಿಸುತ್ತದೆ. ಬಿಳುಪಿನ ಅಂಚಿನಲ್ಲಿ ಕಪ್ಪು ಗೆರೆಯೊಂದು ನಡುಗುತ್ತಿತ್ತು. ಕಣ್ಣು ಕಿರಿದುಮಾಡಿದರೆ ಗೆರೆ ಬಿಡಿಬಿಡಿಯಾಯಿತು. ತೆಳ್ಳಗೆ, ಉದ್ದವಾಗಿ, ಒಂದರ ಹಿಂದೊಂದು. ಹಕ್ಕಿಗಳಿರಬಹುದು. ರಣದಲ್ಲಿ ರಾಜಹಂಸಗಳು ಸಾವಿರಗಟ್ಟಲೆ ಇಳಿಯುತ್ತವೆ, ಮರೀಚಿಕೆಯಲ್ಲಿ ಹಕ್ಕಿಯ ಕಾಲೂ ಮನುಷ್ಯನೆತ್ತರ ಆಗುತ್ತದೆ. ಹಾಗೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹಮೀರ್‌ಭಾಯಿ ಆ ದಿಕ್ಕಿಗೆ ಬೆನ್ನು ಹಾಕಿ ಕೂತು, ಬೀಡಿ ಹಚ್ಚದೆ ಬೆರಳಲ್ಲಿ ಹಿಡಿದಿದ್ದರು.

ಮತ್ತೆ ತಿರುಗಿದಾಗ ಐತಾಳರು ಶೂ ಬಿಚ್ಚುತ್ತಿದ್ದರು. ಒಂದನ್ನು ಬಿಚ್ಚಿ ಶ್ರೀಧರನ ಶೂಗಳ ಪಕ್ಕ ನೇರವಾಗಿ ಇಟ್ಟಾಗಿತ್ತು. ಇನ್ನೊಂದರ ಲೇಸಿಗೆ ಕೈಹಾಕಿದ್ದರು.

"ಏನ್ ಮಾಡಾಕತ್ತೀರಿ?"

"ಈ ಕಲ್ಲು ನುಣ್ಣಗಿದೆ ಟೀಚರ್, ಶೂ ಜಾರ್ತದೆ. ಬರಿಗಾಲಾದ್ರೆ ಹಿಡಿತ ಸಿಗ್ತದೆ." ದನಿ ಶಾಂತವಾಗಿತ್ತು, ಹೋಟೆಲಿನಲ್ಲಿ ಗಿರಾಕಿಯೊಂದಿಗೆ ಮಾತಾಡುವ ಹಾಗೆ. "ಸ್ವಲ್ಪ ಕೆಳಗೆ ಹೋಗಿ ನೋಡಿ ಬರ್ತೇನೆ."

ಉತ್ತರದ ಅಂಚಿನಿಂದ ಕಲ್ಲು ಹಾಸಿನಂತೆ ಇಳಿದಿತ್ತು. ನಿಜಕ್ಕೂ ಸುಲಭವಾಗಿ ಕಂಡಿತು. ದೇವಸ್ಥಾನದ ಮೆಟ್ಟಿಲಿಗಿಂತ ಹೆಚ್ಚಿನ ಇಳಿಜಾರಲ್ಲ. ಅದರಾಚೆ ನೇರ ಉಪ್ಪಿನ ಬಯಲು, ಕಾಲಿಟ್ಟರೆ ಸಿಗುವಷ್ಟು ಹತ್ತಿರ. ನಾನು ಅವರ ತೋಳು ಹಿಡಿದೆ. ಅವರು ಬಿಡಿಸಿಕೊಳ್ಳಲು ನೋಡಲಿಲ್ಲ, ನಿಲ್ಲಲೂ ಇಲ್ಲ. ಎದ್ದು ನಿಂತು ಒಂದು ಹೆಜ್ಜೆ ಇಟ್ಟೇಬಿಟ್ಟರು. ಅಷ್ಟು ತೂಕದ ಮನುಷ್ಯನನ್ನು ತಡೆಯುವ ಶಕ್ತಿ ನನಗಿಲ್ಲ. "ಹಮೀರ್‌ಭಾಯಿ" ಎಂದೆ.

ಹಮೀರ್‌ಭಾಯಿ ಎದ್ದು ಬಂದು, ಉತ್ತರಕ್ಕೆ ಮುಖ ಮಾಡದೆಯೇ, ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಕಾಲಿನಿಂದ ಹಾಸಿನ ಮೇಲೆ ತಳ್ಳಿದರು. ಅದು ಉರುಳಿತು, ಪುಟಿಯಿತು, ಇಪ್ಪತ್ತು ಅಡಿ ಕೆಳಗೆ ಕಾಣೆಯಾಯಿತು. ಸದ್ದಿಲ್ಲ. ನಾನು ಉಸಿರು ಬಿಟ್ಟು, ಎಳೆದು, ಮತ್ತೆ ಬಿಟ್ಟೆ. ಆಗ ತೀರಾ ಕೆಳಗಿನಿಂದ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಒಂದೇ ಒಂದು ಸದ್ದು ಬಂತು.

"ಅಲ್ಲಿ ಕಲ್ಲು ಮುಗಿಯುತ್ತದೆ" ಎಂದರು ಹಮೀರ್‌ಭಾಯಿ. "ಕೆಳಗೆ ಕೆಸರು. ಬೇಸಿಗೆಯಲ್ಲೂ ಒಣಗುವುದಿಲ್ಲ. ಒಮ್ಮೆ ನನ್ನ ಒಂಟೆ ಮರಿಯೊಂದು ಇಳಿಯಿತು. ಮರುದಿನ ಹೋದರೆ ಗುರುತೂ ಇರಲಿಲ್ಲ."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಐತಾಳರು ನಿಂತಲ್ಲೇ ಕೂತರು. ಒಂದು ಕಾಲಿಗೆ ಶೂ, ಒಂದು ಕಾಲು ಬರಿದು. "ಅವನೂ ಜಾರ್ತದೆ ಅಂತ ಬಿಚ್ಚಿದ್ದು" ಎಂದರು. "ಬೇರೆ ಎಂತದೂ ಅಲ್ಲ. ಜಾಗ್ರತೆಯ ಹುಡುಗ." ಆಮೇಲೆ ಅತ್ತರು. ನಾನು ಶೂ ತಂದು ಅವರ ಕಾಲಿಗೆ ಹಾಕಿ ಲೇಸು ಕಟ್ಟಿದೆ. ಬೇಡವೆನ್ನಲಿಲ್ಲ.

ಯಂತ್ರವನ್ನು ಅಲ್ಲಿಯೇ ಬಿಟ್ಟೆವು. ಹೊತ್ತು ಇಳಿಯುವಂತಿರಲಿಲ್ಲ. ಹೊರಡುವ ಮೊದಲು ಐತಾಳರು ದುರ್ಬೀನನ್ನು ತಿರುಗಿಸಿ ದಕ್ಷಿಣಕ್ಕೆ ಮಾಡಿದರು. ಪುಸ್ತಕ, ಶೂ, ಡಬ್ಬಿ, ಬಾಟಲಿ ನಮ್ಮ ಚೀಲ ಸೇರಿದವು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಹಮೀರ್‌ಭಾಯಿ ಮೊದಲು, ನಡುವೆ ಐತಾಳರು, ಕೊನೆಗೆ ನಾನು. ಬಿರುಕಿನ ಅತ್ಯಂತ ಇಕ್ಕಟ್ಟಿನ ಜಾಗದಲ್ಲಿ, ಕಾಲಿಗೆ ಆಸರೆ ಹುಡುಕುತ್ತಿದ್ದಾಗ, ಮೇಲಿನಿಂದ ಯಾರೋ "ಟೀಚರ್" ಎಂದರು. ಐತಾಳರ ದನಿ. ತುಸು ಎಳೆದ, ಕರಾವಳಿಯ ಆ "ಟೀಚರ್". ಐತಾಳರು ನನ್ನ ಕೆಳಗಿದ್ದರು. ಅವರ ಬೋಳು ನೆತ್ತಿ ನನಗೆ ಕಾಣುತ್ತಿತ್ತು. ನಾನು ತಲೆಯೆತ್ತಲಿಲ್ಲ. ಅದಕ್ಕೆ ವಿವರಣೆಯಿರಬಹುದು. ಇವತ್ತಿಗೂ ಅದನ್ನು ಹುಡುಕಲು ಹೋಗಿಲ್ಲ.

ಕೆಳಗೆ ಒಂಟೆ ಕಟ್ಟಿದಲ್ಲೇ ಕೂತಿತ್ತು, ಆದರೆ ಉತ್ತರಕ್ಕೆ ಬೆನ್ನು ತಿರುಗಿಸಿಕೊಂಡಿತ್ತು. ಗಾಡಿಯಲ್ಲಿ ಕೂತು ಇಡ್ಲಿ ತಿಂದೆವು. ಹಮೀರ್‌ಭಾಯಿ ಚಟ್ನಿಪುಡಿಯ ಖಾರಕ್ಕೆ ಕಣ್ಣು ಒರೆಸಿಕೊಂಡು ಇನ್ನೊಂದು ಕೇಳಿದರು. ಊರು ಸೇರುವವರೆಗೆ ಮೂವರಲ್ಲಿ ಯಾರೂ ಹಿಂದಿರುಗಿ ನೋಡಲಿಲ್ಲ.

ಎರಡು ದಿನದ ಮೇಲೆ ಸೂರತ್ ತಲುಪಿದೆವು. ನಾನು ಅಹಮದಾಬಾದಿನಲ್ಲೇ ಇಳಿದುಬಿಡಬಹುದಿತ್ತು. ಆದರೆ ಐತಾಳರು, "ನೀವೇ ಹೇಳಿ ಟೀಚರ್, ನನ್ನ ಬಾಯಿಂದ ಬರುದಿಲ್ಲ" ಎಂದರು. ಅಡಾಜಣ್‌ನ ಮೂರನೇ ಮಹಡಿಯ ಮನೆಯಲ್ಲಿ ಲಲಿತಾ ನಮಗಾಗಿ ಕಾಯುತ್ತಿದ್ದಳು. ನಲವತ್ತರ ಹತ್ತಿರದ, ಗಟ್ಟಿ ಮೈಕಟ್ಟಿನ ಹೆಂಗಸು. ಅಣ್ಣನ ಹೋಟೆಲಿನ ಅಡುಗೆಮನೆಯನ್ನು ನೋಡಿಕೊಳ್ಳುವವಳು. ಹಣೆಯಲ್ಲಿ ಕುಂಕುಮ.

ಮೇಜಿನ ಮೇಲೆ ಒಂದೊಂದಾಗಿ ಇಟ್ಟು, ಆದದ್ದನ್ನು ಆದ ಹಾಗೆ ಹೇಳಿದೆ. ಉಪ್ಪಿನ ಮೇಲಿನ ಜನರನ್ನೂ ಮುಚ್ಚಿಡಲಿಲ್ಲ, ಪುಸ್ತಕದಲ್ಲಿ ಇತ್ತಲ್ಲ. ಅವಳು ಕೊನೆಯ ಪುಟವನ್ನು ಎರಡು ಸಲ ಓದಿದಳು. ಅಳಲಿಲ್ಲ. ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಕುಲುಕಿದ ಸದ್ದಿಗೆ ಬೆಚ್ಚಿ ಅಣ್ಣನ ಮುಖ ನೋಡಿದಳು.

"ಇದ್ ನೀವ್ ತುಂಬ್ಸದ್ದಾ?"

"ಅಲ್ಲ. ಅಲ್ಲೇ ಇದ್ದದ್ದ್. ಅವ ಬಿಟ್ಟದ್ದ್" ಎಂದರು ಐತಾಳರು.

"ಹಾಂಗಾರೆ ಅವ್ರಿಗೆ ಬಾಯಾರ್ಲಿಲ್ಲೆ."

"ಇಲ್ಲೆ ಕಾಣ್. ಊಟವೂ ಆಯಿತ್ತ್."

ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು, ನನಗಾಗಿ ನಿಧಾನವಾಗಿ: "ನೀರಿಲ್ಲದೆ ಹೋದ್ರು ಅಂತಲೇ ಎಣಿಸಿದ್ದೆ. ಮರುಭೂಮಿ ಅಲ್ವಾ. ಐದು ವರ್ಷ ಒಂದು ಲೋಟ ನೀರು ಸರಿಯಾಗಿ ಕುಡೀಲಿಲ್ಲ ನಾನು. ಬಾಯಿಗೆ ಇಟ್ಟ ಕೂಡ್ಲೆ ಅವ್ರು ಕೇಳಿದ ಹಾಗೆ ಆಗ್ತಿತ್ತು." ಎದ್ದು ಒಳಗೆ ಹೋದಳು. ಕೊಡದಿಂದ ನೀರು ಬಗ್ಗಿಸುವುದು ಕೇಳಿಸಿತು, ಒಂದು ಲೋಟ, ನಿಂತು ಇನ್ನೊಂದು. ಹೊರಬಂದಾಗ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, "ಅಣ್ಣ, ಭಟ್ರಿಗೆ ಹೇಳ್. ಮಾಡುದೆಲ್ಲ ಮಾಡುವ ಇನ್ನ್" ಎಂದಳು.

ಸಂಜೆಯ ರೈಲಿಗೆ ಅವಳೇ ನನ್ನನ್ನು ನಿಲ್ದಾಣಕ್ಕೆ ಬಿಡಲು ಬಂದಳು. ಬುತ್ತಿಯ ಪೊಟ್ಟಣವನ್ನು ಕಿಟಕಿಯಿಂದ ಕೊಟ್ಟು, ಸರಳುಗಳನ್ನು ಹಿಡಿದುಕೊಂಡು ನಿಂತಳು. ರೈಲು ಅಲುಗಿದಾಗ, "ಸೀದಾ ಮನೆಗೆ ಹೋಗಿ ಟೀಚರ್. ನಡುವೆ ಎಲ್ಲೂ ಇಳಿಬೇಡಿ" ಎಂದಳು. ಆಗಲಿ ಎಂದೆ.

ವಡೋದರಾದಲ್ಲಿ ರೈಲು ಹತ್ತು ನಿಮಿಷ ನಿಂತಿತು. ಪ್ಲಾಟ್‌ಫಾರ್ಮಿನ ದೀಪಗಳು ಹತ್ತಿಕೊಂಡಿದ್ದವು, ಎದುರಿಗೇ ಚಹಾದ ಗಾಡಿ, ಶುಂಠಿಯ ವಾಸನೆ. ನನ್ನ ಬೋಗಿಯ ಅರ್ಧ ಜನ ಇಳಿದು ನಿಂತಿದ್ದರು. ನಾನು ಕಿಟಕಿಯ ಗಾಜು ಇಳಿಸಿಕೊಂಡು, ಅಹಮದಾಬಾದ್ ಬರುವವರೆಗೆ ಕೂತಲ್ಲೇ ಕೂತಿದ್ದೆ.